ನಾಲ್ಕನೆಯ ತಳಿ

ನೀರು ಕುದಿಯಲು ಶುರುವಾದ ಮೇಲೂ ಅರ್ಜುನಪ್ಪ ಬೋಗುಣಿಗೆ ಮುಚ್ಚಳ ಹಾಕಲಿಲ್ಲ. ಒಳಗೆ ಏನಿದೆ, ನೀರು ಎಷ್ಟು ತಿಳಿಯಾಗಿದೆ ಎನ್ನುವುದು ವರಾಂಡದಲ್ಲಿ ಹೋಗಿ ಬರುವವರಿಗೆಲ್ಲ ಕಾಣಲಿ ಎಂದು ತೆರೆದೇ ಇಟ್ಟಿದ್ದ. ಬೋಗುಣಿ ಹೊಸದು. ನಿನ್ನೆ ಪೇಟೆಯಿಂದ ತಂದವನು ಅದನ್ನು ಮನೆಗೆ ಒಯ್ಯದೆ ನೇರವಾಗಿ ಫಾರ್ಮಿಗೆ ತಂದು ಬೀಜದ ಕೋಣೆಯಲ್ಲಿ ಇಟ್ಟು ಹೋಗಿದ್ದ. ಅದರ ಕಂಠಕ್ಕೆ ಅಂಗಡಿಯವನು ಅಂಟಿಸಿದ್ದ ಚೀಟಿಯನ್ನು ಪೂರ್ತಿ ಕೀಳದೆ ಅರ್ಧ ಉಳಿಸಿದ್ದ. ಇದು ನಮ್ಮ ಮನೆಯ ಪಾತ್ರೆಯಲ್ಲ, ನಮ್ಮ ಮನೆಯ ನೆಲ ಇದಕ್ಕೆ ತಾಗಿಲ್ಲ ಎಂದು ಯಾರಾದರೂ ಕೇಳಿದರೆ ಹೇಳಬಹುದಿತ್ತು. ಯಾರೂ ಕೇಳುವುದಿಲ್ಲ. ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಹೊಂದಿಸಿಕೊಂಡು ತಿರುಗುವುದು ಅವನಿಗೆ ಚಿಕ್ಕಂದಿನಿಂದ ಬಂದ ಚಟ. ಹಾಸ್ಟೆಲಿನಲ್ಲಿ ಕೂಡ ರಾತ್ರಿ ಹಾಸಿಗೆ ಹಾಸುವಾಗ ಪಕ್ಕದವನ ಚಾಪೆಗೂ ತನ್ನ ಚಾಪೆಗೂ ನಡುವೆ ಒಂದು ಗೇಣು ಬಿಡುತ್ತಿದ್ದ, ಆಮೇಲೆ ತಾನೇ ಬಿಟ್ಟ ಆ ಗೇಣನ್ನು ನೋಡುತ್ತ ಹೊಟ್ಟೆ ಉರಿಸಿಕೊಳ್ಳುತ್ತಿದ್ದ.

ಸ್ಟೋವಿನ ಸದ್ದಿನಲ್ಲಿ ಗೆಣಸಿನ ವಾಸನೆ ಮೆಲ್ಲಗೆ ಏಳತೊಡಗಿತು. ಆ ವರ್ಷ ಊರ ಹೊರಗಿನ ಆ ಗಡ್ಡೆ ಬೆಳೆಗಳ ಫಾರ್ಮಿನಲ್ಲಿ ಐದು ತಳಿಯ ಗೆಣಸನ್ನು ಅಕ್ಕಪಕ್ಕ ಬೆಳೆದು ಹೋಲಿಸುವ ಕೆಲಸ ನಡೆದಿತ್ತು. ಅಕ್ಕಿ ಗೋಧಿಗೆ ಜನ ಸಾಲು ನಿಲ್ಲುವ ಕಾಲ. ಚೀನಾ ಯುದ್ಧದ ಮರುವರ್ಷ. ಹೊಟ್ಟೆ ತುಂಬಿಸುವ ಯಾವ ಗಡ್ಡೆಯಾದರೂ ಸರಕಾರಕ್ಕೆ ಬೇಕಾಗಿತ್ತು. ಮಣ್ಣು ಏರಿಸಿ ಸಾಲು ಬೋದು ಎತ್ತಿದವರು ಆಳುಗಳು, ಆದರೆ ಬಳ್ಳಿಯ ತುಂಡನ್ನು ಊರಿದ ದಿನದಿಂದ ಅಗೆಯುವ ದಿನದವರೆಗೆ ಬಳ್ಳಿಯ ಉದ್ದ, ಕವಲು, ಎಲೆಯ ಅಗಲ, ಗಡ್ಡೆಯ ಸಂಖ್ಯೆ, ತೂಕ ಎಲ್ಲವನ್ನೂ ಅಳೆದವನು ಸಂಶೋಧನಾ ಸಹಾಯಕ ಅರ್ಜುನಪ್ಪ. ನಾಲ್ಕನೆಯ ತಳಿ ಉಳಿದ ನಾಲ್ಕನ್ನೂ ಹಿಂದೆ ಹಾಕಿತ್ತು. ಅದರ ಬಳ್ಳಿ ತೀರ ಉದ್ದವಲ್ಲ, ಎಲೆಯೂ ಸಾಧಾರಣ, ಆದರೆ ಬೆಳೆದದ್ದನ್ನೆಲ್ಲ ಕೆಳಗೆ ಇಳಿಸುವ ಜಾತಿ. ಕೊನೆಯ ತಿಂಗಳಲ್ಲಿ ಅದರ ಗಡ್ಡೆ ಊದಿ ಬೋದಿನ ಎರೆಮಣ್ಣು ಉದ್ದಕ್ಕೂ ಬಾಯಿ ಬಿಟ್ಟಿತ್ತು. ಆ ಬಿರುಕಿನೊಳಗೆ ಬೆರಳು ಇಳಿಸಿ ಗಡ್ಡೆಯ ನುಣುಪಾದ ಹೆಗಲನ್ನು ಮುಟ್ಟಿದಾಗ ಅವನಿಗೆ ಮೈ ಜುಮ್ಮೆಂದಿತ್ತು. ತನ್ನ ಕೈಯಿಂದ ಇಷ್ಟು ತುಂಬಿದ್ದು ಏನೂ ಈವರೆಗೆ ಹೊರಬಂದಿರಲಿಲ್ಲ.

ಇಳುವರಿಯೊಂದೇ ಸಾಲದು, ಕುದಿಸಿದ ಗೆಣಸಿನ ರುಚಿಯನ್ನೂ ಫಾರ್ಮಿನವರು ತಿಂದು ಹೇಳಬೇಕು ಎಂದು ಮೇಲಿನಿಂದ ಆಜ್ಞೆ ಬಂದಿತ್ತು. ಫಾರ್ಮಿನ ಮುಖ್ಯಸ್ಥರಾದ ಮಹಾದೇವಪ್ಪ ಸಾಹೇಬರು ಯಾವುದೋ ಕಾಗದಕ್ಕೆ ಸಹಿ ಹಾಕುತ್ತ, ತಲೆ ಎತ್ತದೆ, "ಬೆಳಸಿದವರು ನೀವು, ಕುದಿಸೂದೂ ನೀವ ಕುದಿಸ್ರಿ ಮತ್ತ" ಎಂದಿದ್ದರು. ಆ ಮಾತನ್ನು ಅರ್ಜುನಪ್ಪ ಮನೆಗೆ ಒಯ್ದು ಮಗ್ಗಲು ಬದಲಿಸಿ ಬದಲಿಸಿ ನೋಡಿದ್ದ. ಅವರು ಯೋಚಿಸಿ ಹೇಳಿದರೋ, ಯೋಚಿಸದೆ ಹೇಳಿದರೋ? ಯೋಚಿಸದೆ ಹೇಳಿದ್ದರೆ ಇನ್ನೂ ಒಳ್ಳೆಯದು. ಅವನು ಯಾವ ಕೇರಿಯವನು ಎನ್ನುವುದು ಅಷ್ಟು ಹೊತ್ತು ಅವರ ತಲೆಯಲ್ಲಿ ಇರಲಿಲ್ಲವೆಂದಾಯಿತು. ಅವನು ಆ ಫಾರ್ಮಿಗೆ ಬಂದು ಮೂರು ವರ್ಷವಾಗಿತ್ತು. ಈ ಮೂರು ವರ್ಷದಲ್ಲಿ ಅವನ ಕೈಯಿಂದ ಯಾರೂ ಒಂದು ಅಗಳು ತಿಂದಿರಲಿಲ್ಲ. ಜಗಳವಿಲ್ಲ, ಒರಟು ಮಾತಿಲ್ಲ. ನೌಕರಿ ಕಾಯಂ ಆದಾಗ ಪೇಡೆ ತಂದಿದ್ದ; ಸಾಹೇಬರಿಗೆ ಸಿಹಿ ಆಗುವುದಿಲ್ಲವಂತೆ. ಅವ್ವ ಹಚ್ಚಿಕೊಟ್ಟ ಅವಲಕ್ಕಿ ತಂದಾಗ ಗುಮಾಸ್ತ ಬಸಣ್ಣ ಎರಡೂ ಕೈ ಎತ್ತಿ, "ಅಯ್ಯ, ಇವತ್ತ ಸೋಮವಾರ ಅಲ್ಲೇನ್ರಿ, ನಮ್ಮದು ಒಪ್ಪತ್ತು" ಎಂದಿದ್ದ. ಮುಂದೆ ಯಾವ ವಾರ ತಂದರೂ ಅದು ಹೇಗೋ ಯಾರದೋ ಸೋಮವಾರವೇ ಆಗಿರುತ್ತಿತ್ತು.

ಅದಕ್ಕೇ ಅವನು ಈ ಕಾರ್ತಿಕ ಸೋಮವಾರವನ್ನು ಆರಿಸಿದ್ದ. ಲೆಕ್ಕ ಸರಳವಾಗಿತ್ತು. ಉಪವಾಸದ ದಿನ ಅನ್ನ ರೊಟ್ಟಿ ನಡೆಯುವುದಿಲ್ಲ, ಗೆಣಸು ನಡೆಯುತ್ತದೆ. ಫರಾಳವೆಂದು ಊರೆಲ್ಲ ಅಂದು ತಿನ್ನುವುದು ಗೆಣಸನ್ನೇ. ಯಾವ ನೆಪದಿಂದ ಅವರು ಮೂರು ವರ್ಷ ತಪ್ಪಿಸಿಕೊಂಡರೋ ಆ ನೆಪದ ಬಾಗಿಲಲ್ಲೇ ತಾನು ಗೆಣಸಿನ ಬುಟ್ಟಿ ಇಟ್ಟುಕೊಂಡು ಕೂತರೆ ಎಲ್ಲಿ ಹೋದಾರು? ಈ ಉಪಾಯ ಹೊಳೆದ ದಿನ ಅವನು ಸಪ್ತಾಪುರದ ರಸ್ತೆಯಲ್ಲಿ ಒಬ್ಬನೇ ನಕ್ಕಿದ್ದ. ಈಗ ಬೆಂದ ಗೆಣಸಿಗೆ ಚೂರಿಯ ತುದಿ ಚುಚ್ಚಿ ನೋಡುವಾಗ ಆ ನಗೆ ನೆನಪಾಗಿ ನಾಚಿಕೆಯಾಯಿತು. ಮೂರು ಜನ ತನ್ನ ಕೈಯಿಂದ ಒಂದು ತುಂಡು ಗೆಣಸು ತಿನ್ನಲಿ ಎಂದು ಇಷ್ಟು ಹುನ್ನಾರ ಮಾಡುವ ಮನುಷ್ಯ ಎಂಥವನು?

ಪ್ರತಿ ತಳಿಯಿಂದಲೂ ಒಂದೇ ದೊಡ್ಡ ಗಡ್ಡೆಯನ್ನು ಆರಿಸಿಕೊಂಡಿದ್ದ. ಒಂದೇ ಗಡ್ಡೆಯನ್ನು ಎಲ್ಲರಿಗೂ ಹಂಚಿದರೆ ಒಬ್ಬರ ಬಾಯಿಗೆ ಒಂದು, ಇನ್ನೊಬ್ಬರ ಬಾಯಿಗೆ ಇನ್ನೊಂದು ಎಂದಾಗುವುದಿಲ್ಲ, ಹೋಲಿಕೆ ನ್ಯಾಯವಾಗಿರುತ್ತದೆ. ನಾಲ್ಕನೆಯದಂತೂ ತೊಡೆಯಷ್ಟಿತ್ತು. ಅದನ್ನು ತೊಳೆಯುವಾಗ ಹೆಗಲ ಹತ್ತಿರ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳು ಕಂಡಿದ್ದವು. ಹೆಬ್ಬೆರಳಿನಿಂದ ತಿಕ್ಕಿದ, ಹೋಗಲಿಲ್ಲ. ಮಣ್ಣಿನ ಕಲೆಯಿರಬೇಕು ಎಂದುಕೊಂಡ. ಇದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ. ಬೆಂದ ಮೇಲೆ ಸಿಪ್ಪೆ ಸುಲಿದು ಮುತ್ತಲ ಎಲೆಗಳ ಮೇಲೆ ತುಂಡುಗಳನ್ನು ಇಟ್ಟ. ತಾನು ಮಾತ್ರ ಚೂರನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಯಾವುದು ಯಾವ ತಳಿ ಎಂದು ಗೊತ್ತಿದ್ದವನು ರುಚಿ ಹೇಳಬಾರದು ಎಂಬ ನಿಯಮ ತನಗೆ ತಾನೇ ಹೇಳಿಕೊಂಡ. ಖರೆ ಕಾರಣ ಬೇರೆ ಇತ್ತು. ಮೊದಲು ಅವರು ತಿನ್ನಲಿ.

"ಏನ್ರಿ ಅರ್ಜುನಪ್ಪನವರ, ಮದುವಿ ಮನಿಯಂಗ ಘಮಾ ಘಮಾ ಅನ್ನಾಕತ್ತದಲ್ಲ!" ಎನ್ನುತ್ತ ಸಾಹೇಬರು ವರಾಂಡಕ್ಕೆ ಬಂದರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರ ಹಿಂದೆ ಬಸಣ್ಣ, ಸೋಮಪ್ಪ. ಸೋಮಪ್ಪನೂ ಅರ್ಜುನಪ್ಪನ ಹಾಗೆಯೇ ಸಹಾಯಕ, ಒಂದೇ ಕಾಲೇಜಿನಲ್ಲಿ ಓದಿದವನು. ಸಪ್ತಾಪುರದ ಹೊಟೇಲಿನಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂತು ಚಹಾ ಕುಡಿದು, ಲೈಬ್ರರಿಯಿಂದ ತಂದ ಪುಸ್ತಕ ಬದಲಿಸಿಕೊಂಡು, ಈ ದೇಶ ಹೇಗೆ ಸುಧಾರಿಸಬೇಕೆಂದು ಕತ್ತಲಾಗುವವರೆಗೆ ವಾದ ಮಾಡುತ್ತಿದ್ದವರು. ಸಾಹೇಬರು ಅವನನ್ನು "ಲೇ ಸೋಮ್ಯಾ" ಎಂದು ಕರೆಯುತ್ತಿದ್ದರು. ಬಸಣ್ಣನಿಗೆ "ಏ ಬಸ್ಯಾ". ಅರ್ಜುನಪ್ಪನಿಗೆ ಮಾತ್ರ ತಪ್ಪದೆ "ರಿ", ತಪ್ಪದೆ "ಅವರು". ಮೊದಮೊದಲು ಅವನು ಅದನ್ನು ಗೌರವವೆಂದು ತಿಳಿದಿದ್ದ. ಆಮೇಲೆ ತಿಳಿಯಿತು, ಅದು ಕೂಡ ಚಾಪೆಯ ಪಕ್ಕದ ಗೇಣು. ತನ್ನನ್ನೂ ಒಂದು ಸಲ "ಲೇ" ಎಂದು ಬೈಯಲಿ ಎಂದು ಅವನು ಆಸೆಪಟ್ಟದ್ದುಂಟು.

"ಗೆಣಸ ತಿಂದು ಆಫೀಸಿನ್ಯಾಗ ಕುಂತ್ರ ಕಿಡಕಿ ಎಲ್ಲಾ ತಗದಿಡಬೇಕಾಕ್ಕೈತಿ ನೋಡ್ರಿ" ಎಂದ ಬಸಣ್ಣ. ಎಲ್ಲರೂ ನಕ್ಕರು. ಅರ್ಜುನಪ್ಪ ಸ್ವಲ್ಪ ಹೆಚ್ಚೇ ನಕ್ಕ. ಒಂದೊಂದು ಎಲೆಯ ಮುಂದೆಯೂ ಒಂದರಿಂದ ಐದರವರೆಗೆ ಅಂಕಿ ಬರೆದ ರಟ್ಟಿನ ತುಂಡು ಇಟ್ಟಿದ್ದ. ಸೋಮಪ್ಪ ಬಗ್ಗಿ ನಾಲ್ಕನೆಯ ಎಲೆಯಿಂದ ಹೊಗೆಯಾಡುವ ತುಂಡೊಂದನ್ನು ಎತ್ತಿಕೊಂಡ. ಎತ್ತಿಕೊಂಡದ್ದನ್ನು ಅರ್ಜುನಪ್ಪ ಕಣ್ಣಾರೆ ನೋಡಿದ. ಬಿಸಿಗೆ ಅದನ್ನು ಆ ಬೆರಳಿಂದ ಈ ಬೆರಳಿಗೆ ದಾಟಿಸುತ್ತ ಬಾಯಿಯ ಹತ್ತಿರ ತಂದದ್ದನ್ನೂ ನೋಡಿದ.

"ಲೇ ಸೋಮ್ಯಾ, ಇವತ್ತ ಸೋಮವಾರ" ಎಂದರು ಸಾಹೇಬರು. ದನಿ ಏರಿಸಲಿಲ್ಲ.

ಸೋಮಪ್ಪನ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ತುಂಡು ಮೆಲ್ಲಗೆ ಎಲೆಯ ಮೇಲೆ ಇಳಿಯಿತು. ಇಳಿಸಿದ ಬೆರಳುಗಳನ್ನು ಅವನು ಪ್ಯಾಂಟಿಗೆ ಒರೆಸಿಕೊಂಡ.

"ಗೆಣಸ ಅಲ್ಲೇನ್ರಿ ಸರ್." ಅರ್ಜುನಪ್ಪ ಈ ಮಾತನ್ನು ವಾರದಿಂದ ತಯಾರು ಮಾಡಿಟ್ಟುಕೊಂಡಿದ್ದ. "ಫರಾಳಕ್ಕ ನಡೀತದಲ್ರಿ."

"ನಡೀತದ್ರಿ, ಯಾರು ಇಲ್ಲ ಅಂದ್ರು?" ಸಾಹೇಬರ ಮುಖದಲ್ಲಿ ನಗು ಹಾಗೇ ಇತ್ತು. "ಆದ್ರ ಫರಾಳ ಅಂದ್ರ ಲಿಂಗಪೂಜಾ ಆದಮ್ಯಾಲ ತಗೊಳ್ಳೂದು, ಅದೂ ಮನೀ ಹೆಣ್ಮಕ್ಕಳ ಕೈಲೆ ಆದದ್ದು. ಉಳದ ದಿನ ಏನೂ ಇಲ್ರಿ, ನಾವು ಅಂಥಾ ಮಂದಿ ಅಲ್ಲ, ನಿಮಗ ಗೊತ್ತದ. ಕಾರ್ತಿಕ ಸೋಮವಾರ ಮಾತ್ರ ಭಾಳ ಕಟ್ಟ. ನಾಳೆ ಮಂಗಳವಾರ ಇಟ್ಟಿದ್ರ ನಾನ ಮೊದಲ ತಿಂತಿದ್ದೆ ನೋಡ್ರಿ. ಇವತ್ತ ಯಾಕ ಇಟ್ರಿ?"

"ಅವರಿಗೇನ ಗೊತ್ತಾಗಬೇಕ್ರಿ ಸಾಹೇಬ್ರ" ಎಂದ ಬಸಣ್ಣ. "ಅವರದು ಬುದ್ಧನ ಪಂಚಾಂಗ. ಅದರಾಗ ಸೋಮವಾರ ಇಲ್ಲ ಕಾಣ್ತೈತಿ."

ಮತ್ತೆ ನಗೆ. ಸೋಮಪ್ಪನೂ ನಕ್ಕನೇ ಎಂದು ನೋಡಲು ಅರ್ಜುನಪ್ಪನಿಗೆ ಧೈರ್ಯವಾಗಲಿಲ್ಲ. ತಾನು ಬಾಗಿಲೆಂದು ತಿಳಿದದ್ದು ಗೋಡೆಯಾಗಿತ್ತು. ಉಪವಾಸದ ದಿನ ಗೆಣಸು ತಿನ್ನುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು; ಯಾರು ಮುಟ್ಟಿದ ಗೆಣಸು ಎಂಬುದು ಆ ದಿನವೇ ಎಲ್ಲ ದಿನಕ್ಕಿಂತ ಹೆಚ್ಚಾಗಿ ಬೇಕಾಗುತ್ತದೆ ಎಂಬುದು ಹೊಳೆದಿರಲಿಲ್ಲ. ಉಪವಾಸವನ್ನು ಅವನು ಹೊರಗಿನಿಂದ, ಗೌಡರ ಮನೆಯ ಕಟ್ಟೆಯ ಕೆಳಗಿನಿಂದ ನೋಡಿದವನು. ಅಲ್ಲಿಂದ ಕಾಣುವುದು ಗೆಣಸು ಮಾತ್ರ. ಇಂಥ ತಪ್ಪು ತನ್ನಂಥವನೇ ಮಾಡಬೇಕು.

"ಕಟ್ಟಿ ಕೊಡ್ರಿ" ಎಂದರು ಸಾಹೇಬರು ದೊಡ್ಡ ಮನಸ್ಸಿನಿಂದ. "ಸಂಜಿಗೆ ಪೂಜಾ ಮುಗಿಸಿ ಮನ್ಯಾಗ ತಿಂದು ನಾಳೆ ರುಚಿ ಹೇಳತೇವಿ."

ಮನೆಯ ಹೆಣ್ಣುಮಕ್ಕಳ ಕೈಯದೇ ಆಗಬೇಕಾದರೆ ಈ ಗೆಣಸು ಸಂಜೆಗೆ ಹೇಗೆ ಶುದ್ಧವಾಗುತ್ತದೆ? ಈ ಪ್ರಶ್ನೆ ಅವನ ನಾಲಿಗೆಯ ತುದಿಯವರೆಗೆ ಬಂದು ಕೂತಿತು. ಅವನು ಪ್ರತಿ ತಳಿಯ ತುಂಡಿನ ಜೊತೆ ಅದರ ಅಂಕಿ ಬರೆದ ಚೀಟಿ ಇಟ್ಟು ಎಲೆಗಳನ್ನು ಮಡಚಿದ, ದಾರ ಸುತ್ತಿದ. ಪೊಟ್ಟಣಗಳನ್ನು ಅವರು ಅವನ ಕೈಯಿಂದ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ಇಡಲಿ ಎಂದು ಕಾದರು, ಇಟ್ಟ ಮೇಲೆ ಎತ್ತಿಕೊಂಡರು. ಸೋಮಪ್ಪ ತನ್ನದನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕುತ್ತ, "ನಾ ಖರೇನ ತಿಂತೇನಿ ಮಾರಾಯಾ" ಎಂದು ತಗ್ಗಿದ ದನಿಯಲ್ಲಿ ಹೇಳಿದ. ಖರೇನ ಎಂದು ಯಾಕೆ ಹೇಳಬೇಕಾಗಿತ್ತು? ಆದರೂ ಆ ಒಂದು ಮಾತನ್ನು ಹಿಡಿದುಕೊಂಡೇ ಅರ್ಜುನಪ್ಪ ಮನೆಗೆ ನಡೆದ. ಒಬ್ಬನಾದರೂ ತಿಂದರೆ ಸಾಕು. ಸಾಹೇಬರು ಬಿಡಲಿ, ಬಸಣ್ಣ ಬಿಡಲಿ. ಸೋಮಪ್ಪ ಬೆರಳಿಂದ ಬೆರಳಿಗೆ ದಾಟಿಸಿದ ಆ ತುಂಡು ಅವನ ಕಣ್ಣಮುಂದೆಯೇ ಹೊಗೆಯಾಡುತ್ತಿತ್ತು.

ಮನೆಯಲ್ಲಿ ಅವ್ವ ಸತ್ಯವ್ವ, ಕೇರಿಯವರು ಬೌದ್ಧರಾದ ವರ್ಷ ತಂದ ಬುದ್ಧನ ಪಟದ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಅವನು ಮಿಕ್ಕ ತುಂಡುಗಳನ್ನು ಕಟ್ಟಿಕೊಂಡು ತಂದಿದ್ದ ಪೊಟ್ಟಣ ಬಿಚ್ಚಿದ. "ಎಲ್ಲಾರೂ ತಿಂದ್ರೇನಪಾ?" ಎಂದು ಕೇಳಿದಳು; ಅವಳಿಗೂ ಎಲ್ಲ ಗೊತ್ತಿತ್ತು, ಬೋಗುಣಿ ಕೊಂಡದ್ದೂ ಗೊತ್ತಿತ್ತು. "ಒಯ್ದಾರ" ಎಂದ. ಅವಳು ನಾಲ್ಕನೆಯ ತಳಿಯ ದಪ್ಪ ತುಂಡನ್ನೇ ತೆಗೆದುಕೊಂಡು ಬಾಯಿಗಿಟ್ಟಳು. ಒಂದು ಸಲ ಅಗಿದಳು. ನಿಲ್ಲಿಸಿದಳು. ಮುಖದ ಸುಕ್ಕೆಲ್ಲ ಬಾಯಿಯ ಕಡೆಗೆ ಹರಿಯಿತು. ಉಗುಳುತ್ತಾಳೆ ಎಂದುಕೊಂಡ, ಅವಳು ನುಂಗಿದಳು.

"ಕಹಿ ಐತಿ" ಎಂದಳು. "ಗೌಡ್ರ ಕಟ್ಟಿ ಗೆಣಸಿನಂಗ."

ಅವನು ಕಿತ್ತುಕೊಂಡು ಕಚ್ಚಿ ನೋಡಿದ. ಮೊದಲು ಸಿಹಿಯ ಒಂದು ನೆರಳು, ಹಿಂದೆಯೇ ನಾಲಿಗೆಯ ಬುಡ ಹಿಡಿದು ತಿರುಚುವ ಕಹಿ. ಹುಳ ಮುಟ್ಟಿದ ಗೆಣಸಿನ ಕಹಿ. ಮೂತಿಹುಳ ಹೊಕ್ಕ ಗಡ್ಡೆ ಮೇಲೆ ಒಂದೆರಡು ಚುಕ್ಕೆಯಷ್ಟೇ ತೋರಿಸುತ್ತದೆ, ಒಳಗೆ ಪೂರ್ತಿ ಕೆಟ್ಟಿರುತ್ತದೆ, ಕುದಿಸಿದರೂ ಹೋಗುವುದಿಲ್ಲ. ಅವನು ಓದಿದ ಪಾಠದಲ್ಲೇ ಇತ್ತು. ಅವನು ತಿಕ್ಕಿದ ಚುಕ್ಕೆಗಳು. ಅವನು ಬೆರಳು ಇಳಿಸಿ ಸುಖಪಟ್ಟ ಬಿರುಕು. ಗಡ್ಡೆ ಊದಿದಷ್ಟೂ ಎರೆಮಣ್ಣು ಸೀಳಿ, ಆ ಸೀಳಿನಿಂದಲೇ ಹುಳ ಇಳಿದಿತ್ತು. ಯಾವ ಗುಣಕ್ಕೆ ಈ ತಳಿ ಗೆದ್ದಿತೋ ಆ ಗುಣವೇ ಅದನ್ನು ಕೆಡಿಸಿತ್ತು. ಉಳಿದ ತಳಿಗಳ ತುಂಡುಗಳನ್ನು ಒಂದೊಂದಾಗಿ ಕಚ್ಚಿದ. ಎಲ್ಲ ಸಿಹಿ. ಕೆಟ್ಟದ್ದು ಅದೊಂದೇ.

ಅವನು ಚಿಕ್ಕವನಿದ್ದಾಗ, ಶಿವರಾತ್ರಿಯ ಮರುದಿನ ಊರಿನ ಗೌಡರ ಮನೆಯ ಕಟ್ಟೆಯ ಕೆಳಗೆ ಅವ್ವ ಸೆರಗು ಒಡ್ಡಿ ನಿಲ್ಲುತ್ತಿದ್ದಳು. ಅವನು ಅವಳ ಸೀರೆಯ ಅಂಚು ಹಿಡಿದಿರುತ್ತಿದ್ದ. ಮೇಲಿನಿಂದ ಉಳಿದ ಗೆಣಸು ಬೀಳುತ್ತಿತ್ತು, ದಪ್ ದಪ್ ಎಂದು. ಮನೆಯೊಳಗೆ ಒಬ್ಬರು ಕಚ್ಚಿ ಕಹಿಯೆಂದು ಬಿಟ್ಟ ಗೆಣಸಿನ ಬುಟ್ಟಿ ಅದು. ಅವನು ಮುಖ ಕಿವುಚಿದರೆ ಅವ್ವ, "ಗೆಣಸು ಅಂದ್ರ ಹಂಗ ಇರತಾವ, ನುಂಗು" ಎನ್ನುತ್ತಿದ್ದಳು. ಗೆಣಸು ಕಹಿಯಾದ ವಸ್ತುವೆಂದೇ ಅವನು ಬಹಳ ದಿನ ನಂಬಿದ್ದ. ಹಾಸ್ಟೆಲಿನಲ್ಲಿ ಮೊದಲ ಸಲ ಸಿಹಿ ಗೆಣಸು ತಿಂದಾಗ ಯಾರೋ ಬೆಲ್ಲ ಬೆರೆಸಿದ್ದಾರೆ ಎಂದುಕೊಂಡು ಸುತ್ತ ನೋಡಿದ್ದ.

"ಅವರೂ ತಿಂದಿದ್ರ ಉಗುಳಿರತಾರಪಾ" ಎಂದಳು ಸತ್ಯವ್ವ. "ನಾಳೆ ನಿನಗ ಬೈತಾರ."

ಬೈಯಲಿ. ಅವನಿಗೆ ಒಮ್ಮೆಲೇ ಹಗುರವೆನಿಸಿತು. ಬೈದರೆ ತಿಂದಿದ್ದಾರೆ ಎಂದಾಯಿತು. "ಏನಲೇ ಇದು, ವಿಷಾ ತಿನಿಸಿದ್ಯಲ್ಲ!" ಎಂದು ಸೋಮಪ್ಪ ಹೆಗಲ ಮೇಲೆ ಹೊಡೆಯಲಿ. ಒಂದೇ ಗಡ್ಡೆ, ಎಲ್ಲರ ಪಾಲಿಗೂ ಅದೇ ಕಹಿ. ನಾಲಿಗೆ ಇದ್ದವನು ಸುಳ್ಳು ಹೇಳುವ ಹಾಗಿಲ್ಲ. ಕಹಿ ಗೆಣಸಿನ ಉಳಿದ ತುಂಡನ್ನು ಅವನು ಎಲೆಯಲ್ಲಿ ಸುತ್ತಿಟ್ಟ. ಆ ರಾತ್ರಿ ಬೈಸಿಕೊಳ್ಳುವ ಆಸೆಯಲ್ಲಿ ನಿದ್ದೆ ಹೋದ.

ಬೆಳಿಗ್ಗೆ ಸಾಹೇಬರ ಕೋಣೆಯಲ್ಲಿ ಮೂವರೂ ಇದ್ದರು. ಅವನು ಹೊಸ್ತಿಲಲ್ಲೇ ನಿಂತು ಅವರ ಮುಖಗಳನ್ನು ನೋಡಿದ. ಯಾವ ಮುಖದಲ್ಲೂ ಕಹಿಯ ಗುರುತು ಇರಲಿಲ್ಲ.

"ಬರ್ರಿ ಬರ್ರಿ ಅರ್ಜುನಪ್ಪನವರ" ಎಂದರು ಸಾಹೇಬರು. "ಗೆದ್ರಿ ನೀವು, ತೂಕದಾಗೂ ರುಚಿಯಾಗೂ. ನಾಲ್ಕನೇದು ಏನ್ರಿ ಅದು, ಸಕ್ಕರಿ! ನಮ್ಮ ಮನ್ಯಾಗಂತೂ ಇನ್ನೂ ಇದ್ರ ತರ್ರಿ ಅಂದ್ರು."

"ಕೋವಾ ತಿಂದಂಗ ಆತ್ರಿ" ಎಂದ ಬಸಣ್ಣ. "ಉಳದಾವು ಅದರ ಮುಂದ ಏನೂ ಅಲ್ಲ."

ಅರ್ಜುನಪ್ಪ ಸೋಮಪ್ಪನ ಕಡೆ ತಿರುಗಿದ. ಬೇರೆ ಯಾರ ಕಡೆಗೂ ನೋಡಬೇಕಾಗಿರಲಿಲ್ಲ. ಸೋಮಪ್ಪ ಕಿಟಕಿಯ ಹೊರಗೆ, ಅಗೆದು ಬೋಳಾದ ಬೋದುಗಳ ಕಡೆಗೆ ನೋಡುತ್ತಿದ್ದ.

"ನೀ ತಿಂದ್ಯಾ?"

"ತಿಂದೆ."

"ನಾಲ್ಕನೇದು ಹೆಂಗಿತ್ತು?"

"ಛಲೋ ಇತ್ತು" ಎಂದ ಸೋಮಪ್ಪ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಸ್ನೇಹಿತನಿಗೆ ಏನಾದರೂ ಹೆಚ್ಚಿಗೆ ಕೊಡಬೇಕೆಂಬಂತೆ, "ಭಾಳ ಸಿಹಿ ಇತ್ತಪಾ" ಎಂದು ಸೇರಿಸಿದ.

ಎಲ್ಲಿ ಎಸೆದಿರಬಹುದು? ಫಾರ್ಮಿನ ಬೇಲಿಯ ಆಚೆಯೋ, ಕೆರೆಯ ಹತ್ತಿರವೋ, ಹಂದಿಗಳು ತಿರುಗುವ ಗಟಾರದ ಬದಿಗೋ? ಸೈಕಲ್ಲಿನಿಂದ ಇಳಿದು ಎಸೆದನೋ, ಇಳಿಯದೆಯೋ? ಅರ್ಜುನಪ್ಪನ ಕೈ ಅಂಗಿಯ ಜೇಬಿಗೆ ಹೋಯಿತು. ಪೊಟ್ಟಣವನ್ನು ತೆಗೆದು ಸಾಹೇಬರ ಮೇಜಿನ ಮೇಲೆ ಇಟ್ಟು ಬಿಚ್ಚಿದ. ರಾತ್ರಿ ಕಳೆದು ಗೆಣಸು ಕಂದಿತ್ತು. ತನ್ನ ದನಿ ಇಷ್ಟು ನೆಟ್ಟಗೆ ಬಂದದ್ದು ಅವನಿಗೇ ಆಶ್ಚರ್ಯವಾಯಿತು.

"ಇವತ್ತ ಮಂಗಳವಾರ್ರಿ ಸರ್."

ಬಸಣ್ಣ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಸಾಹೇಬರು ಗೆಣಸಿನ ತುಂಡನ್ನು ನೋಡಿದರು, ಅವನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು ಎಂದು ಅವನಿಗೂ ತಿಳಿಯಿತು. ಇನ್ನು ಒಂದೇ ಮಾತು ಬೇಕಾಗಿತ್ತು: ಕಹಿ. ಆ ಮಾತು ಆಡಿದರೆ ಮೂವರೂ ಸುಳ್ಳುಗಾರರಾಗುತ್ತಿದ್ದರು, ನಾಲ್ಕನೆಯ ತಳಿ ಹೋಗುತ್ತಿತ್ತು, ಅವನ ವರ್ಷದ ಕೆಲಸವೂ ಅದರ ಜೊತೆಗೆ. ಅವನು ಇನ್ನೂ ಬಾಯಿ ತೆರೆಯುತ್ತಿರುವಾಗಲೇ ಸಾಹೇಬರು ನಕ್ಕರು, ಅದೇ ನಿನ್ನೆಯ ನಗು.

"ನಾವು ನಿನ್ನೆ ತಿಂದೇವಲ್ರಿ. ನಿಮಗೇನರ ಅನುಮಾನ ಇದ್ರ ನೀವ ತಿಂದು ಹೇಳ್ರಿ. ನೀವು ಕಹಿ ಅಂದ್ರ ಕಹಿ, ಸಿಹಿ ಅಂದ್ರ ಸಿಹಿ. ನಿಮ್ಮ ಮಾತಿನ ಮ್ಯಾಲ ನನಗ ಪೂರಾ ನಂಬಿಕಿ ಅದ." ಆಮೇಲೆ ಕುರ್ಚಿಗೆ ಒರಗಿ, ಬೇರೆ ಮಾತೆಂಬಂತೆ ಹೇಳಿದರು: "ಈ ತಳಿ ಬಳ್ಳಿ ಮೊದಲ ನಮ್ಮ ಹೊಲಕ್ಕ ಒಯ್ಯಬೇಕಂತ ಮಾಡೇನಿ. ನಮ್ಮೂರ ಎರಿಯಾಗ ಇದು ಬಂಗಾರ ಆಗತದ."

ನಮ್ಮೂರ ಎರಿ. ಆ ಎರೆ ಬಿರಿಯುತ್ತದೆ. ಹುಳ ಇಳಿಯುತ್ತದೆ. ಬರುವ ವರ್ಷದ ಉಪವಾಸಕ್ಕೆ ಅವರ ಮನೆಯಲ್ಲೇ, ಅವರ ಹೆಣ್ಣುಮಕ್ಕಳ ಕೈಯಲ್ಲೇ, ಪೂಜೆ ಮುಗಿದ ಮೇಲೆ ಈ ಗೆಣಸು ಬೇಯುತ್ತದೆ. ಆಗ ತಿನ್ನಲೇಬೇಕು. ತಾನು ಬೆಳೆಸಿದ್ದು ಅವರ ನಾಲಿಗೆಗೆ ಕೊನೆಗೂ ತಾಗಲೇಬೇಕು. ಅವನು ಕಂದಿದ ತುಂಡನ್ನು ಎತ್ತಿ ಬಾಯಿಗಿಟ್ಟ. ಮೂವರೂ ನೋಡುತ್ತಿದ್ದರು. ಇಡೀ ತುಂಡನ್ನು ಅಗಿದ, ಅವಸರವಿಲ್ಲದೆ. ಕಹಿ ದವಡೆಯ ಸಂದಿಗಳಿಗೆ ಇಳಿಯಿತು, ಕಣ್ಣಲ್ಲಿ ನೀರು ತುಂಬಿತು. ತಾನು ಮಾಡುತ್ತಿರುವುದು ಸೇಡೋ ಹೆದರಿಕೆಯೋ ಅವನಿಗೆ ಬಿಡಿಸಲಾಗಲಿಲ್ಲ. ಎರಡರ ರುಚಿಯೂ ಒಂದೇ ಇತ್ತು.

"ಸಿಹಿ ಅದರಿ" ಎಂದ.

"ಹಾಂ! ಬರಕೋ ಬಸ್ಯಾ, ನಾಲ್ಕನೇದು" ಎಂದು ಸಾಹೇಬರು ಮೇಜು ಕುಟ್ಟಿದರು. ಸೋಮಪ್ಪ ಕಿಟಕಿಯಿಂದ ತಿರುಗಿ ಅವನ ಮುಖ ನೋಡಿದ, ನೋಡಿ ತಕ್ಷಣ ಮತ್ತೆ ಹೊರಗೆ ತಿರುಗಿದ.

ಕಹಿ ಇನ್ನೂ ಗಂಟಲಲ್ಲಿ ಇಳಿಯುತ್ತಿತ್ತು. ಅವನು ಸಾಹೇಬರ ಮನೆಯನ್ನು ಕಣ್ಣಿಗೆ ತಂದುಕೊಂಡ: ಪೂಜೆ ಮುಗಿದಿದೆ, ಬೆಳ್ಳಿಯ ತಟ್ಟೆಯಲ್ಲಿ ಗೆಣಸು ಹೊಗೆಯಾಡುತ್ತಿದೆ, ಒಬ್ಬರು ಕಚ್ಚುತ್ತಾರೆ. ಮುಖ ಕಿವುಚುತ್ತಾರೆ. ಅಲ್ಲಿಯವರೆಗೆ ಚಿತ್ರ ಸ್ಪಷ್ಟವಾಗಿತ್ತು, ಅವನಿಗೆ ಬೇಕಾದ ಹಾಗೆಯೇ ಇತ್ತು. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಅಂಥ ಮನೆಯಲ್ಲಿ ಗೆಣಸನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಒಂದು ಕಚ್ಚಿ ಉಗುಳುತ್ತಾರೆ, ಉಳಿದದ್ದನ್ನು ಬುಟ್ಟಿಗೆ ಹಾಕಿಡುತ್ತಾರೆ. ಮರುದಿನ ಬುಟ್ಟಿ ಕಟ್ಟೆಗೆ ಬರುತ್ತದೆ. ಕಟ್ಟೆಯ ಕೆಳಗೆ ಆ ಊರಿನ ಕೇರಿಯ ಹೆಂಗಸೊಬ್ಬಳು ಸೆರಗು ಒಡ್ಡಿ ನಿಂತಿದ್ದಾಳೆ, ಅವಳ ಸೀರೆಯ ಅಂಚು ಹಿಡಿದು ಒಂದು ಕೂಸು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದೆ.

"ನೀರು ಕುಡೀರಿ ಅರ್ಜುನಪ್ಪನವರ" ಎಂದರು ಸಾಹೇಬರು. "ಗೆಣಸು ಗಂಟಲಾಗ ಹಿಡೀತದ."